ವ್ರತವು ಯಾರದು, ಭಾರವು ಯಾರದು?

ಶ್ರಾವಕನು ಪಾಲಿಸತಕ್ಕ ಐದು ಅಣುವ್ರತ, ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತಗಳೆಂಬ ಹನ್ನೆರಡು ವ್ರತಗಳಲ್ಲಿ ಕಡೆಯದಾಗಿ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಎಣಿಸಿರುವುದು ಅತಿಥಿ ಸಂವಿಭಾಗವನ್ನು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದೇ ಸ್ಥಾನದಲ್ಲಿ ವೈಯಾವೃತ್ಯವೆಂಬ ಹೆಸರನ್ನಿಟ್ಟು, ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕು ಬಗೆಯ ದಾನಗಳನ್ನು ಅಲ್ಲಿ ಸೇರಿಸಿದ್ದಾರೆ. ಈ ವ್ರತವನ್ನು ಕುರಿತು ನಮ್ಮ ಬಸದಿಗಳಲ್ಲಿ ಉಪದೇಶಗಳು ನಡೆಯುತ್ತಲೇ ಇರುತ್ತವೆ. ಆದರೆ ಅವೆಲ್ಲವೂ ಹೆಚ್ಚಾಗಿ ಕೊಡುವವನನ್ನು ಉದ್ದೇಶಿಸಿದ ಮಾತುಗಳು. ತೆಗೆದುಕೊಳ್ಳುವವನು ಹೇಗಿರಬೇಕೆಂಬ ವಿಚಾರವು ಮುನಿಗಳ ಆಚಾರವನ್ನು ಹೇಳುವ ಗ್ರಂಥಗಳಿಗೆ ಸೇರಿದ್ದೆಂದು ನಾವು ಗೃಹಸ್ಥರು ಅದನ್ನು ಬದಿಗಿಟ್ಟಿದ್ದೇವೆ. ಹಾಗೆ ಬದಿಗಿಟ್ಟುದರ ಫಲವನ್ನು ನಾನು ನನ್ನ ಮಗಳ ಮನೆಯಲ್ಲಿಯೇ ಕಂಡೆನಾದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಅತಿಥಿಯೆಂದರೆ ಮುಖ್ಯಾರ್ಥದಲ್ಲಿ ತಿಥಿಯ ಕಟ್ಟಿಲ್ಲದೆ ಬರುವ ಸಂಯಮಿ, ಅಂದರೆ ನಿರ್ಗ್ರಂಥ ಮುನಿ. ಆದರೆ ಪಾತ್ರಭೇದವನ್ನು ಹೇಳುವಾಗ ಮುನಿಗಳನ್ನು ಉತ್ತಮ ಪಾತ್ರರೆಂದೂ, ವ್ರತಿಗಳಾದ ಶ್ರಾವಕ ಶ್ರಾವಿಕೆಯರನ್ನು ಮಧ್ಯಮ ಪಾತ್ರರೆಂದೂ, ವ್ರತವಿಲ್ಲದ ಸಮ್ಯಗ್ದೃಷ್ಟಿಗಳನ್ನು ಜಘನ್ಯ ಪಾತ್ರರೆಂದೂ ವಿಂಗಡಿಸಿದ್ದಾರೆ. ಆದುದರಿಂದ ವ್ರತಿಗಳಾದ ತಂದೆತಾಯಿಗಳು ಮಕ್ಕಳ ಮನೆಗೆ ಹೋದಾಗ ಅಲ್ಲಿ ನಡೆಯುವ ಉಪಚಾರವನ್ನೂ ಈ ವ್ರತದ ಬೆಳಕಿನಲ್ಲಿ ನೋಡುವುದು ತಪ್ಪಾಗಲಾರದು. ಈಗ ನಮ್ಮ ಅನೇಕ ಮನೆಗಳ ಮಕ್ಕಳು ಪರದೇಶಗಳಲ್ಲಿ ಓದುತ್ತಿದ್ದಾರೆ. ಅವರನ್ನು ನೋಡಿ ಬರಲು ತಂದೆತಾಯಿಗಳು ಹೋಗುತ್ತಾರೆ. ಹೋದವರು ಅಲ್ಲಿ ಅತಿಥಿಗಳು. ಇನ್ನೂ ಓದುತ್ತಿರುವ, ಸ್ವಂತ ಮನೆಯಾಗಲಿ ಸಂಪಾದನೆಯಾಗಲಿ ಇಲ್ಲದ ಮಕ್ಕಳು ಅಲ್ಲಿ ದಾತೃಗಳು. ಹೀಗಿರುವಾಗ, ತಂದೆಯು ತೆಗೆದುಕೊಂಡ ವ್ರತವನ್ನು ಅಲ್ಲಿ ನಡೆಸತಕ್ಕವರು ಯಾರು? ತಂದೆಯೇ, ಮಗಳೇ? ಪ್ರಶ್ನೆಯು ಇಷ್ಟೇ.

ನಾನು 34 ವರ್ಷ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದು ನಿವೃತ್ತನಾದವನು. ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕವು ನಡೆದ 2018ರಲ್ಲಿ ಮುನಿಗಳ ಸನ್ನಿಧಿಯಲ್ಲಿ ಎರಡನೆಯ ಪ್ರತಿಮೆಯ ವ್ರತಗಳನ್ನು ತೆಗೆದುಕೊಂಡೆನು. ಕಂದಮೂಲಗಳ ತ್ಯಾಗ, ಸೋಸಿದ ನೀರು, ರಾತ್ರಿಭೋಜನ ತ್ಯಾಗ, ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧ ಇವು ಮನೆಯಲ್ಲಿ ಸುಸೂತ್ರವಾಗಿ ನಡೆದು ಬಂದವು. ಮಗಳು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಿದ್ದಳು. 2022ರ ನವೆಂಬರ್ ನಡುಭಾಗದಲ್ಲಿ ನಾನೂ ನನ್ನ ಧರ್ಮಪತ್ನಿಯೂ ನಾಲ್ಕು ವಾರಗಳ ಮಟ್ಟಿಗೆ ಅವಳಲ್ಲಿಗೆ ಹೋದೆವು. ಹೊರಡುವ ಮೊದಲು ಬಂಧುಗಳು, ಅಲ್ಲಿ ನಿಮ್ಮ ವ್ರತಗಳು ನಡೆಯುವುದು ಕಷ್ಟವೆಂದು ಹೇಳಿದರು. ಎಲ್ಲಿಗೆ ಹೋದರೂ ನನ್ನ ವ್ರತ ನನ್ನೊಡನೆಯೇ ಬರುತ್ತದೆಯೆಂದು ನಾನು ಉತ್ತರ ಕೊಟ್ಟೆನು. ಆ ಉತ್ತರದಲ್ಲಿ ಸ್ವಲ್ಪ ಹೆಮ್ಮೆಯೂ ಇದ್ದಿತೆಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಲೆಸ್ಟರ್ ನಗರವು ನಮ್ಮ ಸಮಾಜಕ್ಕೆ ತೀರ ಅಪರಿಚಿತವಾದುದಲ್ಲ. ಪೂರ್ವ ಆಫ್ರಿಕೆಯಲ್ಲಿ ನೆಲಸಿದ್ದ ಗುಜರಾತಿ ಕುಟುಂಬಗಳು ಅಲ್ಲಿಂದ ಹೊರಟು ಬರಬೇಕಾದಾಗ, ವಿಶೇಷವಾಗಿ 1972ರಲ್ಲಿ ಉಗಾಂಡದಿಂದ ಭಾರತ ಮೂಲದವರನ್ನು ಹೊರಗಟ್ಟಿದ ಮೇಲೆ, ಅನೇಕರು ಈ ನಗರದಲ್ಲಿ ನೆಲೆ ಕಂಡರು. ಅವರಲ್ಲಿ ಜೈನರೂ ಇದ್ದರು. ಹಿಂದೆ ಚರ್ಚ್ ಆಗಿದ್ದ ಒಂದು ಕಟ್ಟಡವನ್ನು ಕೊಂಡು ಅವರು ಜಿನಮಂದಿರವನ್ನಾಗಿ ಮಾಡಿದರು. 1988ರಲ್ಲಿ ಅಲ್ಲಿ ಪ್ರತಿಷ್ಠೆಯು ನೆರವೇರಿತು. ಶ್ವೇತಾಂಬರ ಮಂದಿರದೊಡನೆ ದಿಗಂಬರ ಮಂದಿರವೂ ಸ್ಥಾನಕವಾಸಿಗಳ ಉಪಾಶ್ರಯವೂ ಒಂದೇ ಸೂರಿನ ಕೆಳಗಿರುವುದು ಅದರ ವಿಶೇಷ. ದಿನವೂ ದರ್ಶನವಾಗುವುದೆಂಬ ಧೈರ್ಯದಿಂದಲೇ ನಾವು ಹೊರಟೆವು.

ಧೈರ್ಯವಿದ್ದುದು ದರ್ಶನದ ವಿಷಯದಲ್ಲಿ ಮಾತ್ರ. ಸೂರ್ಯನ ವಿಷಯವನ್ನು ನಾನು ಯೋಚಿಸಿರಲಿಲ್ಲ. ಭೂಗೋಳವನ್ನು ಮಕ್ಕಳಿಗೆ ಕಲಿಸಿದವನೇ ಆದರೂ, ಉತ್ತರದ ದೇಶಗಳಲ್ಲಿ ಚಳಿಗಾಲದ ಹಗಲು ಎಷ್ಟು ಗಿಡ್ಡವೆಂಬುದು ವ್ರತದ ಲೆಕ್ಕದಲ್ಲಿ ನನಗೆ ಹೊಳೆದಿರಲಿಲ್ಲ. ಲೆಸ್ಟರಿನಲ್ಲಿ ಡಿಸೆಂಬರ್ ನಡುಭಾಗದಲ್ಲಿ ಸೂರ್ಯೋದಯವಾಗುವುದು ಬೆಳಿಗ್ಗೆ 8 ಗಂಟೆ ಕಳೆದ ಮೇಲೆ. ಅಸ್ತಮಾನವು ಮಧ್ಯಾಹ್ನ 4 ಗಂಟೆಗೂ ಮೊದಲೇ. ಉದಯದ ಮೇಲೆ ಎರಡು ಘಳಿಗೆ, ಅಸ್ತಮಾನಕ್ಕೆ ಮೊದಲು ಎರಡು ಘಳಿಗೆಯನ್ನು ಬಿಡುವ ನಮ್ಮ ಕ್ರಮದಲ್ಲಿ, ಆಹಾರಕ್ಕೆ ಉಳಿಯುವುದು ಸುಮಾರು 9ರಿಂದ 3ರವರೆಗಿನ ಆರು ಗಂಟೆಗಳು. ಮಗಳ ತರಗತಿಗಳು ನಡೆಯುತ್ತಿದ್ದುದೂ ಬಹುಮಟ್ಟಿಗೆ ಅದೇ ಹೊತ್ತಿನಲ್ಲಿ.

ಅವಳಿದ್ದುದು ನಾಲ್ವರು ವಿದ್ಯಾರ್ಥಿಗಳು ಸೇರಿ ಬಾಡಿಗೆಗೆ ಹಿಡಿದಿದ್ದ ಒಂದು ಮನೆ. ಮಲಗುವ ಕೋಣೆಯು ಒಬ್ಬೊಬ್ಬರಿಗೆ ಒಂದೊಂದು. ಅಡುಗೆಮನೆ, ಸ್ನಾನದ ಮನೆಗಳು ಎಲ್ಲರಿಗೂ ಕೂಡಿ. ಉಳಿದ ಮೂವರು ಮಾಂಸಾಹಾರಿಗಳು. ಆದುದರಿಂದ ಅವರೆಲ್ಲರ ಊಟವಾದ ಮೇಲೆ ರಾತ್ರಿ 11 ಗಂಟೆಗೆ ಮಗಳು ಒಲೆಯನ್ನೂ ಕಟ್ಟೆಯನ್ನೂ ತೊಳೆದು ಒರೆಸಿಡುತ್ತಿದ್ದಳು. ಚಳಿಗಾಲದಲ್ಲಿ ಹಿಟ್ಟಿಗೆ ಏಳು ದಿನದ ಮರ್ಯಾದೆಯಷ್ಟೆ? ಅಂಗಡಿಯ ಹಿಟ್ಟು ಆಗದೆಂದು ಅವಳೇ ಒಂದು ಸಣ್ಣ ಯಂತ್ರವನ್ನು ಕೊಂಡು ವಾರಕ್ಕೊಮ್ಮೆ ಗೋಧಿಯನ್ನು ಹಿಟ್ಟು ಮಾಡುತ್ತಿದ್ದಳು. ಬೆಳಿಗ್ಗೆ ತರಗತಿಗೆ ಹೋಗಿ, ಮಧ್ಯಾಹ್ನ ಓಡಿ ಬಂದು, ಬೇಳೆ ಬೇಯಿಸಿ, ರೊಟ್ಟಿ ಮಾಡಿ ನಮಗೆ ಬಡಿಸಿ, ತಾನು ಕುಳಿತು ಉಣ್ಣದೆ ಮತ್ತೆ ಓಡುತ್ತಿದ್ದಳು. ನನ್ನ ಪತ್ನಿಗೆ ಮೊಣಕಾಲಿನ ನೋವು. ಪರಸ್ಥಳದ ಒಲೆಯ ಭಯ ಬೇರೆ. ನನಗೋ, ಬಡಿಸಿದುದನ್ನು ಉಣ್ಣುವ ಅಭ್ಯಾಸ. ಮಗಳ ಶ್ರದ್ಧೆಯನ್ನು ಕಂಡು ನಾನು ಸಂತೋಷಪಟ್ಟೆನು. ಸಂಸ್ಕಾರವು ಫಲಿಸಿತೆಂದು ಪತ್ನಿಯೊಡನೆ ಹೇಳಿಕೊಂಡೆನು.

ಒಂಬತ್ತನೆಯ ದಿನ ಮಧ್ಯಾಹ್ನ 2 ಗಂಟೆಯಾದರೂ ಮಗಳು ಬರಲಿಲ್ಲ. ಅಡುಗೆಮನೆಯಲ್ಲಿ ಕಾಯುತ್ತ ನಿಂತಿದ್ದಾಗ ಗೋಡೆಗೆ ಅಂಟಿಸಿದ್ದ ಒಂದು ಕಾಗದವನ್ನು ಓದಿದೆನು. ಅದು ಮನೆಯ ಮಾಲೀಕರು ಹಾಕಿದ್ದ ನಿಬಂಧನೆಗಳ ಪಟ್ಟಿ. ಅವರ ಬರವಣಿಗೆಯ ಒಪ್ಪಿಗೆಯಿಲ್ಲದೆ ಹೊರಗಿನವರು ಮೂರು ರಾತ್ರಿಗಳಿಗಿಂತ ಹೆಚ್ಚು ತಂಗಕೂಡದೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾವು ಅಲ್ಲಿ ಎಂಟು ರಾತ್ರಿಗಳನ್ನು ಕಳೆದಿದ್ದೆವು.

ಮಗಳು ಬಂದ ಮೇಲೆ ಕೇಳಿದೆನು. ಅವಳ ಮುಖವು ಸಪ್ಪಗಾಯಿತು. "ಅಪ್ಪಾ, ಇಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಾರೆ, ಯಾರೂ ಕೇಳುವುದಿಲ್ಲ" ಎಂದಳು. ಒಪ್ಪಿಗೆಯನ್ನು ಏಕೆ ಕೇಳಲಿಲ್ಲವೆಂದಾಗ, "ಕೇಳಿದರೆ ಇಲ್ಲವೆನ್ನುತ್ತಾರೆ. ಇಲ್ಲವೆಂದರೆ ನೀವು ಬರುತ್ತಿರಲಿಲ್ಲ. ಬೇರೆ ಕೋಣೆ ಹಿಡಿಯುವಷ್ಟು ನನ್ನಲ್ಲಿರಲಿಲ್ಲ" ಎಂದು ಅತ್ತುಬಿಟ್ಟಳು. ಅಂದು ತಡವಾದುದೇಕೆಂದರೆ, ನಮ್ಮ ಊಟಕ್ಕಾಗಿ ಒಂದು ಪ್ರಯೋಗದ ತರಗತಿಯನ್ನು ಎರಡು ಬಾರಿ ತಪ್ಪಿಸಿಕೊಂಡಿದ್ದುದಕ್ಕಾಗಿ ಅಧ್ಯಾಪಕರು ಅವಳನ್ನು ಕರೆದು ವಿಚಾರಿಸಿದ್ದರು. ಅದೂ ಆಗಲೇ ತಿಳಿಯಿತು. ವಾರಾಂತ್ಯದಲ್ಲಿ ಒಂದು ಅಂಗಡಿಯಲ್ಲಿ ಮಾಡುತ್ತಿದ್ದ ಕೆಲಸವನ್ನು ನಮಗಾಗಿ ಬಿಟ್ಟು, ಆ ತಿಂಗಳ ಖರ್ಚಿಗೆ ಗೆಳತಿಯಿಂದ ಸಾಲ ಮಾಡಿದ್ದಳೆಂಬುದೂ ಮಾತಿನಲ್ಲಿ ಹೊರಬಿದ್ದಿತು.

ಓದುಗ ಬಂಧುಗಳೇ, ಅಂದು ನನ್ನ ಮನಸ್ಸಿನ ಸ್ಥಿತಿಯನ್ನು ನೀವು ಊಹಿಸಬಹುದು. ಒಂದು ಆಲೂಗಡ್ಡೆಯನ್ನು ನಾಲಿಗೆಯ ಮೇಲಿಡದ ನಾನು ಎಂಟು ದಿನಗಳಿಂದ ಕೊಡದೆ ಇದ್ದ ಆವಾಸದಲ್ಲಿ ವಾಸವಾಗಿದ್ದೆನು. ಅದತ್ತಾದಾನವೆಂದರೆ ಬೇರೇನು? ನನಗೆ ತಿಳಿದಿರಲಿಲ್ಲವೆಂದು ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಆದರೆ ನಮ್ಮ ಶಾಸ್ತ್ರವು ತಾನು ಮಾಡಿದುದು, ಪರರಿಂದ ಮಾಡಿಸಿದುದು, ಪರರು ಮಾಡಿದುದನ್ನು ಒಪ್ಪಿದುದು ಎಂದು ಕೃತ ಕಾರಿತ ಅನುಮೋದನೆಗಳ ಮೂರು ದಾರಿಗಳನ್ನೂ ಎಣಿಸುತ್ತದೆ. ತಿಳಿಯುವವರೆಗೆ ಅದು ಅಜ್ಞಾನ. ತಿಳಿದ ಮೇಲೂ ಒಂದು ರಾತ್ರಿ ಸುಮ್ಮನೆ ಅಲ್ಲಿಯೇ ಮಲಗಿದರೆ ಅದು ಅನುಮೋದನೆ. ಇನ್ನೊಂದು ನೆನಪು ನನ್ನನ್ನು ಇದಕ್ಕಿಂತಲೂ ಹೆಚ್ಚಾಗಿ ಚುಚ್ಚಿತು. ನಾನು ಉಪಾಧ್ಯಾಯನಾಗಿದ್ದಾಗ, ಮನೆಗೆ ನೆಂಟರು ಬಂದಿದ್ದಾರೆಂದು ಮಕ್ಕಳನ್ನು ಶಾಲೆ ಬಿಡಿಸುತ್ತಿದ್ದ ತಂದೆತಾಯಿಗಳನ್ನು ಕರೆಸಿ ಗದರಿಸುತ್ತಿದ್ದೆನು. ಈಗ ನೆಂಟನೂ ನಾನೇ, ತಂದೆಯೂ ನಾನೇ.

ಆ ರಾತ್ರಿಯೇ ಮಗಳಿಂದ ಮಾಲೀಕರಿಗೆ ಇದ್ದ ಸಂಗತಿಯನ್ನು ಇದ್ದ ಹಾಗೆ ಬರೆಸಿದೆನು. ಅವಳು ಹೆದರಿದಳು, ಠೇವಣಿ ಹೋದೀತೆಂದೂ ಮನೆಯನ್ನೇ ಬಿಡಿಸಿಯಾರೆಂದೂ ಹೆದರಿಕೆ. ನಿಜವನ್ನು ಹೇಳಿದೊಡನೆ ಎಲ್ಲವೂ ಸುಖವಾಯಿತೆಂದು ನಾನು ಬರೆಯಲಾರೆ. ಮಾಲೀಕರು ಇನ್ನೆರಡು ರಾತ್ರಿಗಳ ಕಾಲಾವಕಾಶವನ್ನು ಕೊಟ್ಟು, ಕಳೆದ ದಿನಗಳ ನೀರು ಮತ್ತು ವಿದ್ಯುತ್ತಿನ ವೆಚ್ಚವನ್ನು ಪಡೆದು, ಇನ್ನೊಮ್ಮೆ ಹೀಗಾದರೆ ಕರಾರು ರದ್ದಾಗುವುದೆಂದು ಅವಳಿಗೆ ಎಚ್ಚರಿಕೆಯ ಪತ್ರವನ್ನು ಕಳಿಸಿದರು. ಅವರು ಹೇಳಿದುದರಲ್ಲಿ ತಪ್ಪೇನೂ ಇರಲಿಲ್ಲ. ಜಿನಮಂದಿರದಲ್ಲಿ ಪರಿಚಯವಾದ ಹಿರಿಯರೊಬ್ಬರ ನೆರವಿನಿಂದ ಹತ್ತಿರದ ಬೀದಿಯಲ್ಲಿ ಒಂದು ಕೋಣೆಯು ಬಾಡಿಗೆಗೆ ಸಿಕ್ಕಿತು. ಲಂಡನ್ನನ್ನು ನೋಡಲೆಂದು ತೆಗೆದಿಟ್ಟಿದ್ದ ಹಣವು ಅದರ ಬಾಡಿಗೆಗೂ ಮಗಳ ಸಾಲಕ್ಕೂ ಸರಿಹೋಯಿತು. ಲಂಡನ್ನನ್ನು ನೋಡಲಿಲ್ಲವೆಂಬ ಕೊರತೆಯು ನಮಗೆ ಈವರೆಗೂ ತೋರಿಲ್ಲ.

ಇನ್ನು ವಿಚಾರಕ್ಕೆ ಬರೋಣ. ಇಂಥ ಪ್ರಸಂಗದಲ್ಲಿ ಎರಡು ಬಗೆಯ ಉತ್ತರಗಳನ್ನು ಜನರು ಹೇಳುವುದುಂಟು. ಪರದೇಶಕ್ಕೆ ಹೋದಾಗ ವ್ರತವನ್ನು ಸ್ವಲ್ಪ ಸಡಿಲಿಸಿದರೆ ಏನಾಗುತ್ತದೆಯೆಂಬುದು ಒಂದು. ತಂದೆತಾಯಿಗಳ ಸೇವೆಯು ಮಕ್ಕಳಿಗೆ ಪುಣ್ಯಕಾರಣ, ಅವರು ಪಡುವ ಕಷ್ಟವು ಅವರಿಗೇ ಒಳ್ಳೆಯದೆಂಬುದು ಇನ್ನೊಂದು. ಎರಡೂ ನನಗೆ ಸರಿಯಾಗಿ ಕಾಣುವುದಿಲ್ಲ.

ಮೊದಲನೆಯದನ್ನು ನೋಡೋಣ. ಅನುಕೂಲವಿದ್ದಲ್ಲಿ ಪಾಲಿಸಿ ಅನುಕೂಲವಿಲ್ಲದಲ್ಲಿ ಬಿಡುವುದಾದರೆ ಅದು ವ್ರತವಲ್ಲ, ರೂಢಿ. ಈ ವಿಷಯದಲ್ಲಿ ಪರದೇಶದಲ್ಲಿ ಓದಲು ಹೋದ ಒಬ್ಬ ಹುಡುಗನ ಉದಾಹರಣೆಯು ಎಲ್ಲರಿಗೂ ತಿಳಿದಿರತಕ್ಕದ್ದು. ಗಾಂಧೀಜಿಯವರು 1888ರಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಹೊರಟಾಗ, ಅವರ ತಾಯಿಯ ಮನಸ್ಸಿನ ಸಮಾಧಾನಕ್ಕಾಗಿ ಬೇಚರ್‌ಜಿ ಸ್ವಾಮಿಯೆಂಬ ಜೈನ ಸಾಧುಗಳ ಸಮ್ಮುಖದಲ್ಲಿ ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಲಂಡನ್ನಿನಲ್ಲಿ ಒಮ್ಮೆ ಸ್ನೇಹಿತರೊಬ್ಬರು ಅವರನ್ನು ಹಾಲ್ಬರ್ನ್ ಎಂಬ ದೊಡ್ಡ ಭೋಜನಶಾಲೆಗೆ ಕರೆದೊಯ್ದರು. ಬಂದ ಸಾರಿನಲ್ಲಿ ಮಾಂಸವಿದೆಯೇ ಎಂದು ಇವರು ಪರಿಚಾರಕನನ್ನು ವಿಚಾರಿಸಲು, ಸ್ನೇಹಿತರಿಗೆ ಅವಮಾನವಾದಂತೆ ತೋರಿ, ಬೇರೆಲ್ಲಿಯಾದರೂ ಊಟ ಮಾಡಿ ಹೊರಗೆ ತನಗಾಗಿ ಕಾದಿರುವಂತೆ ಹೇಳಿದರು. ಇವರು ಎದ್ದು ಹೊರಗೆ ಬಂದರು. ಹತ್ತಿರದ ಸಸ್ಯಾಹಾರದ ಭೋಜನಶಾಲೆಯು ಮುಚ್ಚಿದ್ದಿತು. ಆ ರಾತ್ರಿ ಉಪವಾಸವಿದ್ದು, ಅದೇ ಸ್ನೇಹಿತರೊಡನೆ ನಾಟಕಕ್ಕೆ ಹೋದರು. ಅವರಲ್ಲಿ ಕೋಪವಿರಲಿಲ್ಲ, ಅವರ ಸ್ನೇಹಕ್ಕೆ ಭಂಗವೂ ಬರಲಿಲ್ಲ. ಅವರೇ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ವ್ರತವು ಮುರಿಯಲಿಲ್ಲ, ವ್ರತದ ಬೆಲೆಯನ್ನು ತೆತ್ತವರು ವ್ರತಿಯೇ. ಕರೆದವರಿಂದ ಬೇರೆ ಅಡುಗೆಯನ್ನು ಮಾಡಿಸಿಕೊಳ್ಳಲಿಲ್ಲ, ಹಸಿವನ್ನು ತಾವೇ ಇಟ್ಟುಕೊಂಡರು. ಹದಿನೆಂಟೋ ಹತ್ತೊಂಬತ್ತೋ ವರ್ಷದ ಹುಡುಗನು ಮಾಡಿದುದನ್ನು ಅರವತ್ತು ಮೀರಿದ ನಾನು ಮಾಡಲಿಲ್ಲವಲ್ಲಾ ಎಂಬ ನಾಚಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಎರಡನೆಯ ಉತ್ತರವು ಇನ್ನೂ ಸೂಕ್ಷ್ಮವಾದುದು. ಮಕ್ಕಳ ಸೇವೆಗೆ ಅಡ್ಡ ಬರಬಾರದೆಂಬುದು ಸತ್ಯವೇ. ಆದರೆ ದಾತೃವಿನ ಗುಣಗಳನ್ನು ಹೇಳುವಲ್ಲಿ ಶ್ರದ್ಧೆ, ತುಷ್ಟಿ, ಭಕ್ತಿ, ವಿಜ್ಞಾನ, ಅಲುಬ್ಧತೆ, ಕ್ಷಮೆಗಳೊಡನೆ ಶಕ್ತಿಯನ್ನೂ ಎಣಿಸಿದ ಆಚಾರ್ಯರುಂಟು. ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಅವುಗಳಿಗೆ 'ಶಕ್ತಿಗೆ ತಕ್ಕಂತೆ' ಎಂಬ ಮಾತನ್ನು ಸೇರಿಸಿಯೇ ಹೇಳಿದೆ. ಇದನ್ನು ನಾವು ಸಾಮಾನ್ಯವಾಗಿ ಮಿತಿಯೆಂದು ತಿಳಿಯುತ್ತೇವೆ. ಹೆಚ್ಚು ಆಗದಿದ್ದರೆ ಆದಷ್ಟು ಮಾಡು ಎಂಬ ಅರ್ಥದಲ್ಲಿ. ನನಗೆ ಈಗ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಯಾರ ಶಕ್ತಿ? ತಪಸ್ಸು ಮಾಡುವವನ ಸ್ವಂತ ಶಕ್ತಿಯೇ ಹೊರತು ಇತರರದಲ್ಲ. ಲೆಸ್ಟರಿನಲ್ಲಿ ಆ ಎಂಟು ದಿನಗಳ ನನ್ನ ತಪಸ್ಸು ನಡೆದುದು ಮಗಳ ಶಕ್ತಿಯಿಂದ. ವ್ರತದ ಹೆಸರು ನನ್ನದು. ನಿದ್ದೆಗೆಟ್ಟವಳು, ಪಾಠ ತಪ್ಪಿಸಿಕೊಂಡವಳು, ಸಾಲ ಮಾಡಿದವಳು, ಕಡೆಗೆ ಸತ್ಯವನ್ನು ಮುಚ್ಚಿಟ್ಟವಳು ಅವಳು. ಪರರ ಹಣದಿಂದ ದಾನ ಮಾಡಿದವನಿಗೂ ಪರರ ದೇಹದಿಂದ ತಪಸ್ಸು ಮಾಡಿದವನಿಗೂ ಏನು ಭೇದ?

ಸಂವಿಭಾಗವೆಂಬ ಶಬ್ದವನ್ನೇ ವಿಚಾರಿಸಬೇಕು. ತನಗೆಂದು ಇರುವುದರಲ್ಲಿ ಸರಿಯಾಗಿ ಪಾಲು ಮಾಡಿ ಕೊಡುವುದು ಸಂವಿಭಾಗ. ಇಲ್ಲದುದನ್ನು ತಂದು ಕೊಡಬೇಕೆಂದು ವ್ರತವು ಹೇಳುವುದಿಲ್ಲ. ಇದರ ಐದು ಅತಿಚಾರಗಳಲ್ಲಿ ಪರವ್ಯಪದೇಶವೆಂಬುದು ತನ್ನದನ್ನು ಪರರದೆಂದು ಹೇಳಿ ಕೊಡದಿರುವುದು, ಅಥವಾ ಪರರದನ್ನು ಮುಂದಿಟ್ಟು ಕೊಡುವುದು ಎಂದು ವಿವರಿಸುತ್ತಾರೆ. ತನ್ನದಲ್ಲದ ಆವಾಸವನ್ನು ನಮಗೆ ಕೊಟ್ಟ ಮಗಳ ಕೃತ್ಯವು ಈ ಎರಡನೆಯ ಅರ್ಥಕ್ಕೆ ಹತ್ತಿರವಾದುದು. ಆದರೆ ಅವಳನ್ನು ಆ ಸ್ಥಿತಿಗೆ ತಂದವನು ನಾನು. ಅಪ್ಪನಿಗೆ ಇಲ್ಲವೆನ್ನಲಾಗದೆಂಬ ಭಾವನೆಯನ್ನು ಅವಳಲ್ಲಿ ಬೆಳೆಸಿದ ನಾನು, ಇಲ್ಲವೆನ್ನಲು ಅವಳಿಗೆ ಒಂದು ಅವಕಾಶವನ್ನಾದರೂ ಕೊಟ್ಟಿರಲಿಲ್ಲ.

ಈಗ ಉತ್ತಮ ಪಾತ್ರರಾದ ಮುನಿಗಳ ರೀತಿಯನ್ನು ನೋಡಿರಿ. ಅವರು ಸ್ವೀಕರಿಸುವ ಆಹಾರಕ್ಕೆ ಭ್ರಾಮರೀ ವೃತ್ತಿಯೆಂಬ ಹೆಸರುಂಟು. ದುಂಬಿಯು ಹೂವಿಗೆ ನೋವಾಗದಂತೆ ಮಧುವನ್ನು ಹೀರುವ ಹಾಗೆ, ದಾತೃವಿಗೆ ಬಾಧೆಯಾಗದಂತೆ ಪಡೆಯುವುದು. ತಮ್ಮನ್ನೇ ಉದ್ದೇಶಿಸಿ ಮಾಡಿದ ಆಹಾರವು ಅವರಿಗೆ ವರ್ಜ್ಯ. ಶ್ರಾವಕನ ಹನ್ನೊಂದನೆಯ ಪ್ರತಿಮೆಯ ಹೆಸರೇ ಉದ್ದಿಷ್ಟತ್ಯಾಗ. ದಿನಕ್ಕೆ ಒಂದೇ ಬಾರಿ ಪಡೆಯುತ್ತಾರೆ. ಅಂತರಾಯವಾದರೆ ಯಾರನ್ನೂ ದೂಷಿಸದೆ ಹಿಂದಿರುಗುತ್ತಾರೆ. ಅಂದರೆ ಸಂಯಮವು ಹೆಚ್ಚಾದಂತೆ ದಾತೃವಿನ ಮೇಲಿನ ಭಾರವು ಕಡಿಮೆಯಾಗುತ್ತದೆ. ನಮ್ಮಲ್ಲಿಯೋ, ಎರಡು ವ್ರತಗಳು ಹೆಚ್ಚಾದರೆ ಮನೆಯವರಿಗೆ ನಾಲ್ಕು ಕೆಲಸಗಳು ಹೆಚ್ಚಾಗುತ್ತವೆ! ಮುನಿಗಳ ಹಾಗೆ ನಾವು ಇರಲಾರೆವು, ನಿಜ. ಆದರೆ ಅವರು ನಡೆವ ದಿಕ್ಕಿಗಾದರೂ ನಮ್ಮ ಮುಖವಿರಬೇಡವೇ?

ಬಾಡಿಗೆಯ ಕೋಣೆಗೆ ಹೋದ ಮೇಲೆ ನಾನು ಮಾಡಿದುದು ದೊಡ್ಡದೇನೂ ಅಲ್ಲ. ಉಳಿದ ದಿನಗಳಿಗೆ ಏಕಾಶನವನ್ನು ಇಟ್ಟುಕೊಂಡೆನು. ಕೋಣೆಯಲ್ಲಿ ಒಂದೇ ಒಲೆಯ ಸಣ್ಣ ಅಡುಗೆಯ ಕಟ್ಟೆ. ಪತ್ನಿಯು ಕುಳಿತು ಹೇಳಿದಂತೆ ಅಕ್ಕಿಯನ್ನೂ ಹೆಸರುಬೇಳೆಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುವುದನ್ನು ಕಲಿತೆನು. ಮೊದಲ ದಿನ ತಳ ಹಿಡಿಯಿತು. ಎರಡನೆಯ ದಿನ ಉಪ್ಪು ಮರೆತೆನು. ಮೂರನೆಯ ದಿನದಿಂದ ತಕ್ಕಮಟ್ಟಿಗೆ ಉಣ್ಣುವಂತಾಯಿತು. ರೊಟ್ಟಿಯ ಆಸೆಯನ್ನು ಬಿಟ್ಟುದರಿಂದ ಹಿಟ್ಟಿನ ಮರ್ಯಾದೆಯ ಚಿಂತೆಯೇ ಉಳಿಯಲಿಲ್ಲ. ಚತುರ್ದಶಿಯ ಉಪವಾಸವು ಎಂದಿನಂತೆ ನಡೆಯಿತು. ಉಪವಾಸಕ್ಕೆ ಅಡುಗೆಮನೆಯೂ ಬೇಡ, ಬಡಿಸುವವರೂ ಬೇಡ ಎಂಬ ಸರಳವಾದ ಮಾತು ಅಂದು ಹೊಸದಾಗಿ ತಿಳಿಯಿತು.

ಮಗಳು ತರಗತಿಗಳನ್ನು ತಪ್ಪಿಸಿಕೊಳ್ಳದೆ, ಮಧ್ಯಾಹ್ನ ಬಿಡುವಿದ್ದ ದಿನ ಮಾತ್ರ ಬರುತ್ತಿದ್ದಳು. ಬಂದಾಗ ಅವಳಿಗೂ ಒಂದು ತಟ್ಟೆ. ಮನೆಯನ್ನು ಬಿಟ್ಟು ಬಂದ ಮೇಲೆ ಅವಳು ಕುಳಿತು, ಅವಸರವಿಲ್ಲದೆ, ಇನ್ನೊಬ್ಬರು ಬಡಿಸಿದುದನ್ನು ಉಂಡುದು ಅದೇ ಮೊದಲಂತೆ. ಒಂದು ದಿನ ಉಣ್ಣುತ್ತಿದ್ದಂತೆ, "ಅಪ್ಪಾ, ನೀವು ಬಂದಿದ್ದೀರಿ ಎಂದು ಈಗ ಅನಿಸುತ್ತಿದೆ" ಎಂದಳು. ನಾನು ಏನನ್ನೂ ಹೇಳಲಿಲ್ಲ. ಅತಿಥಿಯಾಗಿ ಹೋದವನು ದಾತೃವಾದಾಗ ಪಾಲು ಸಮವಾಯಿತು.

ಸ್ವಾನುಭವದಿಂದ ತಿಳಿದ ಕೆಲವು ಸಂಗತಿಗಳನ್ನು, ಮುಂದೆ ಹೋಗತಕ್ಕವರ ಉಪಯೋಗಕ್ಕಾಗಿ ಹೇಳುತ್ತೇನೆ.

ಹೊರಡುವ ಕಾಲವನ್ನು ಸೂರ್ಯನನ್ನೂ ಮಕ್ಕಳ ಓದನ್ನೂ ನೋಡಿ ನಿಶ್ಚಯಿಸಬೇಕು. ಲೆಸ್ಟರಿನಲ್ಲಿ ಜೂನ್ ತಿಂಗಳ ಹಗಲು ಹದಿನಾರು ಗಂಟೆಗಳಿಗೂ ಹೆಚ್ಚು. ರಾತ್ರಿ 9 ಗಂಟೆಯಾದರೂ ಸೂರ್ಯನಿರುತ್ತಾನೆ. ಡಿಸೆಂಬರಿನಲ್ಲಿ ಅದರ ಅರ್ಧವೂ ಇಲ್ಲ. ಮಕ್ಕಳ ಪರೀಕ್ಷೆಗಳ ಕಾಲವನ್ನೂ ಕೇಳಿ ತಿಳಿದು ಬಿಡಬೇಕು. ದಿಗ್ವ್ರತವನ್ನು ಉಳ್ಳವರು ತಮ್ಮ ಎಲ್ಲೆಯನ್ನು ನೆನೆದ ಮೇಲೆಯೇ ಪ್ರಯಾಣದ ಮಾತನ್ನು ಆಡಬೇಕು. ಮಕ್ಕಳ ಮೋಹದಿಂದ ಎಲ್ಲೆಯನ್ನು ಹಿಗ್ಗಿಸಿದರೆ ಅದು ಕ್ಷೇತ್ರವೃದ್ಧಿಯೆಂಬ ಅತಿಚಾರ.

ಇಂಗ್ಲೆಂಡಿಗೆ ಹೋಗುವ ಸಂದರ್ಶಕರಿಗೆ ಅಲ್ಲಿನ ಸರಕಾರವು ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತದೆ. ಸರಕಾರವು ಆರು ತಿಂಗಳನ್ನು ಕೊಟ್ಟಿತೆಂದು ಮಕ್ಕಳ ಕೋಣೆಯೂ ಆರು ತಿಂಗಳನ್ನು ಕೊಟ್ಟಂತಾಗಲಿಲ್ಲ. ವಿದ್ಯಾರ್ಥಿಗಳ ವಸತಿಗಳಲ್ಲಿ ಅತಿಥಿಗಳು ತಂಗುವುದಕ್ಕೆ ಮಿತಿಯಿರುವುದು ಸಾಮಾನ್ಯ. ಆ ಮಿತಿಯನ್ನು ಕಾಗದದಲ್ಲಿ ಕಂಡೇ ಹೊರಡಬೇಕು. ಮಕ್ಕಳು ಬರೆದು ಕಳಿಸುವ ಆಹ್ವಾನದ ಪತ್ರದಲ್ಲಿ ತಂಗುವ ಸ್ಥಳವನ್ನೂ ದಿನಗಳನ್ನೂ ಇದ್ದಂತೆ ಬರೆಯತಕ್ಕದ್ದು. ಕೂಟಲೇಖಕ್ರಿಯೆಯು ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು. ತಂದೆಯ ಸುಖಕ್ಕಾಗಿ ಬರೆದರೂ ಅದು ಕೂಟಲೇಖವೇ.

ಖರ್ಚಿನ ಮಾತನ್ನು ಮೊದಲೇ ಬಿಚ್ಚಿ ಆಡಿಕೊಳ್ಳಬೇಕು. ಅಲ್ಲಿ ಪದವಿ ವ್ಯಾಸಂಗಗಳ ವಿದ್ಯಾರ್ಥಿಗಳು ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಗಳಿಗಿಂತ ಹೆಚ್ಚು ದುಡಿಯಕೂಡದೆಂಬ ನಿಯಮವಿದೆ. ನಮ್ಮ ಉಪಚಾರಕ್ಕೆಂದು ಮಕ್ಕಳು ಅದನ್ನು ಮೀರಿ ಗುಟ್ಟಾಗಿ ದುಡಿದರೆ ಅದು ವಿರುದ್ಧರಾಜ್ಯಾತಿಕ್ರಮ. ಆ ಹಣದಲ್ಲಿ ಉಂಡ ಅನ್ನಕ್ಕೆ ಎಂಥ ಶುದ್ಧಿ?

ವ್ರತಗಳನ್ನು ನಡೆಸಲು ಬೇಕಾದುದನ್ನು ವ್ರತಿಯೇ ಮಾಡಿಕೊಳ್ಳಲು ಕಲಿತಿರಬೇಕು. ನೀರು ಸೋಸುವುದು, ಒಂದು ಪಾತ್ರೆಯ ಅಡುಗೆ, ಪಾತ್ರೆ ತೊಳೆಯುವುದು ಇವು ಗಂಡಸರಿಗೆ ತಿಳಿದಿರಬೇಕು. ನಮ್ಮ ಮನೆಗಳಲ್ಲಿಯೂ ನಾವು ಗಂಡಸರು ತೆಗೆದುಕೊಂಡ ಎಷ್ಟೋ ವ್ರತಗಳನ್ನು ನಡೆಸುವವರು ಹೆಂಗಸರು ಎಂಬುದನ್ನು ನಾನು ಪರದೇಶಕ್ಕೆ ಹೋಗಿ ತಿಳಿಯಬೇಕಾಯಿತು. ಆಹಾರವು ಸಿಗದ ದಿನ ಅವಮೌದರ್ಯವಿದೆ, ರಸಪರಿತ್ಯಾಗವಿದೆ, ಉಪವಾಸವಿದೆ. ಆದರೆ ಮಕ್ಕಳ ಮೇಲಿನ ಮುನಿಸಿನಿಂದ ಊಟ ಬಿಡುವುದು ಉಪವಾಸವಲ್ಲ, ಅದು ಕಷಾಯ. ಸಕ್ಕರೆಯ ರೋಗ ಮೊದಲಾದವುಗಳಿಗೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಪರಸ್ಥಳದಲ್ಲಿ ಹೊಸ ತಪಸ್ಸನ್ನು ಆರಂಭಿಸಬಾರದು. ಅವರು ಬಿದ್ದರೆ ಎತ್ತತಕ್ಕವರು ಆ ಮಕ್ಕಳೇ ಅಲ್ಲವೇ?

ಪರದೇಶದಲ್ಲಿ ಓದುತ್ತಿರುವ ಮಕ್ಕಳಿಗೂ ಒಂದು ಮಾತು. ಈ ಪತ್ರಿಕೆಯನ್ನು ನಿಮ್ಮ ತಂದೆತಾಯಿಗಳು ನಿಮಗೆ ಓದಿ ಹೇಳಲಿ. ಇರುವುದನ್ನು ಇರುವಷ್ಟೆಂದು ಹೇಳಿರಿ. "ಅಪ್ಪಾ, ಇಲ್ಲಿ ಮೂರು ರಾತ್ರಿಗಳಿಗೆ ಮಾತ್ರ ಅವಕಾಶ, ನನಗೆ ಸೋಮವಾರ ಬಿಡುವಿಲ್ಲ, ನನ್ನಲ್ಲಿರುವುದು ಇಷ್ಟು" ಎಂದು ಹೇಳುವುದರಲ್ಲಿ ಅವಿನಯವಿಲ್ಲ. ನಿಮ್ಮ ಸಂಕೋಚದಿಂದ ನಮ್ಮ ವ್ರತಕ್ಕೆ ದೋಷವು ತಗಲುತ್ತದೆ. ನೀವು ನಿಮ್ಮ ಓದನ್ನು ಸರಿಯಾಗಿ ನಡೆಸಿ, ನಮ್ಮೊಡನೆ ಒಂದು ಗಳಿಗೆ ನೆಮ್ಮದಿಯಾಗಿ ಕುಳಿತರೆ ಅದಕ್ಕಿಂತ ಹೆಚ್ಚಿನ ಉಪಚಾರವು ನಮಗೆ ಬೇಡ.

ಊರಿಗೆ ಹಿಂದಿರುಗಿದ ಮೇಲೆ ಬಸದಿಯಲ್ಲಿ ಹಿರಿಯರೊಬ್ಬರು, ಅಷ್ಟು ದೂರ ಹೋಗಿಯೂ ಒಂದು ನಿಯಮವನ್ನೂ ಬಿಡಲಿಲ್ಲವೆಂದು ಹತ್ತು ಜನರೆದುರು ನನ್ನನ್ನು ಹೊಗಳಿದರು. ಅಂದು ನಾನು ಸುಮ್ಮನಿದ್ದೆನು. ಸುಮ್ಮನಿದ್ದುದೂ ಒಂದು ದೋಷವೆಂದು ಆಮೇಲೆ ತೋರಿತು. ಪ್ರತಿಕ್ರಮಣದಲ್ಲಿ ದಿನದ ದೋಷಗಳನ್ನು ನೆನೆಯುವಾಗ ಆ ಎಂಟು ರಾತ್ರಿಗಳು ಈಗಲೂ ನೆನಪಿಗೆ ಬರುತ್ತವೆ. ಅಂದು ಹೇಳದೆ ಉಳಿದುದನ್ನು ಇಂದು ಇಲ್ಲಿ ಬರೆದು ತಿಳಿಸಿದ್ದೇನೆ. ವ್ರತವನ್ನು ತೆಗೆದುಕೊಂಡವನು ನಾನು. ಅದರ ಭಾರವನ್ನು ಹೊರತಕ್ಕವನೂ ನಾನೇ. ಸುಜ್ಞರಾದ ಓದುಗರು ಇದರಲ್ಲಿ ದೋಷವಿದ್ದರೆ ತಿದ್ದಿ, ಗುಣವಿದ್ದರೆ ಗ್ರಹಿಸಬೇಕಾಗಿ ಪ್ರಾರ್ಥನೆ.